ಕಾಫಿ ಮಿಷನ್ನಿನ ಮುಂದೆ ಮುಷ್ಕರ

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಎಂಟು ವರ್ಷದ ಅಂಬುಜಾ ಕಾಫಿ ಮಿಷನ್ನಿನ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ಆದರೆ ಮಿಷನ್ನಿನ ಹಿಡಿಗೆ ಕೈ ಹಚ್ಚಲಿಲ್ಲ. ಕೊರಳಿಗೆ ದಾರ ಕಟ್ಟಿ ಎದೆಯ ಮೇಲೆ ಸ್ಲೇಟು ತೂಗುಹಾಕಿಕೊಂಡಿದ್ದಳು. ಅದರ ಮೇಲೆ ಬಳಪದಲ್ಲಿ ‘ಮುಷ್ಕರ’ ಎಂದು ಬರೆದಿತ್ತು. ಮೊದಲ ಎರಡು ಅಕ್ಷರಗಳನ್ನು ಉತ್ಸಾಹದಲ್ಲಿ ದೊಡ್ಡದು ಮಾಡಿಬಿಟ್ಟಿದ್ದರಿಂದ ಕೊನೆಯ ‘ರ’ ಚೌಕಟ್ಟಿನ ಮರದ ಮೇಲೆ ಹತ್ತಿ ಕೂತಿತ್ತು.

“ಏನೇ ಇದು ವೇಷ?” ಅಡುಗೆಮನೆಯಿಂದ ಇಣುಕಿದ ಅಮ್ಮ ಸತ್ಯವತಿ ಕೇಳಿದಳು.

“ಕೆಲಸ ನಿಲ್ಲಿಸಿದೀನಿ ಅಮ್ಮ.”

“ಅಯ್ಯೋ, ಯೂನಿಯನ್ನೋರು ಎಂಟೂವರೆಗೆಲ್ಲ ಬಂದ್ಬಿಡ್ತಾರೆ ಕಣೇ! ಪುಡಿ ಡಬ್ಬಿ ಖಾಲಿ ಇದೆ.”

“ಗೊತ್ತು. ಅದಕ್ಕೇ ಇವತ್ತು.”

ಹೀಗೆ ಹೇಳುವಾಗ ಅಂಬುಜಾಳ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಸ್ಲೇಟು ಕೂಡ ಅಲುಗುತ್ತಿದೆಯೇನೋ ಎಂದು ಅವಳು ಒಮ್ಮೆ ಬಗ್ಗಿ ನೋಡಿಕೊಂಡಳು. ಸತ್ಯವತಿ ಬೈಯಲು ಬಾಯಿ ತೆರೆದವಳು ಯಾಕೋ ಬೈಯಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಇಷ್ಟಕ್ಕೆಲ್ಲ ಕಾರಣ ಒಂದು ಲೋಟ ಕಾಫಿ. ರಾಜಾಜಿನಗರದ ಆ ಸಾಲುಮನೆಗಳಲ್ಲಿ ಕಾರ್ಖಾನೆಯ ಸೈರನ್ನಿಗಿಂತ ಮೊದಲು ಏಳುತ್ತಿದ್ದದ್ದು ಕಾಫಿಯ ಘಮ. ಅಂಬುಜಾಳ ಮನೆಯಲ್ಲಿ ಶನಿವಾರ ಶನಿವಾರ ಬೀಜ ಹುರಿಯುವುದು ಅಜ್ಜಿ ಅನಂತಲಕ್ಷ್ಮಮ್ಮನವರ ಕೆಲಸ. ಪುಡಿ ಮಾಡಿಟ್ಟರೆ ಘಮ ಹಾರಿಹೋಗುತ್ತದೆಂದು ಆ ದಿನದ್ದನ್ನು ಆ ದಿನವೇ ಪುಡಿ ಮಾಡಬೇಕೆಂಬುದು ಅವರ ಕಟ್ಟುನಿಟ್ಟು. ಅಜ್ಜಿಯ ಮಣಿಕಟ್ಟು ನೋಯಲು ಶುರುವಾದ ಮೇಲೆ ಹಿಡಿ ತಿರುಗಿಸುವ ಕೆಲಸ ಅಂಬುಜಾಳ ಪಾಲಿಗೆ ಬಂತು. ಕಬ್ಬಿಣದ ಆ ಪುಟ್ಟ ಮಿಷನ್ನನ್ನು ಒಂದು ಮಣೆಗೆ ತಿರುಪು ಹಾಕಿ ಕೂರಿಸಿದ್ದರು. ಮಣೆಯ ಮೇಲೆ ಯಾರಾದರೂ ಕೂತರೆ ಮಾತ್ರ ಅದು ಅಲುಗದೆ ನಿಲ್ಲುತ್ತಿತ್ತು. ಒಂದು ವರ್ಷದಿಂದ ಪ್ರತಿದಿನ ಬೆಳಗ್ಗೆ ಅಂಬುಜಾ ಅದರ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿ ಹಿಡಿದು, ನೂರೈವತ್ತು ಸುತ್ತು ತಿರುಗಿಸುತ್ತಿದ್ದಳು. ಅಂಗೈಯಲ್ಲಿ ಸಣ್ಣದೊಂದು ಜಡ್ಡು ಕೂಡ ಕಟ್ಟಿತ್ತು. ಬೆರಳು, ಲಂಗ, ಕೂದಲು ಎಲ್ಲದರಲ್ಲೂ ಕಾಫಿಯ ವಾಸನೆ. ಶಾಲೆಯಲ್ಲಿ ಪಕ್ಕ ಕೂರುವ ಸೀತಾ ಅವಳನ್ನು ಮೂಸಿ ನೋಡಿ “ನಿಮ್ಮನೇಲಿ ಕಾಫಿ ಹೋಟ್ಲು ಇದೆಯೇನೇ?” ಎಂದು ಕೇಳಿದ್ದಳು. ಆದರೆ ಕುಡಿಯಲು ಅವಳಿಗೆ ಸಿಗುತ್ತಿದ್ದದ್ದು ಕೆನೆ ತೇಲುವ ಹಾಲು. ಆ ಕೆನೆಯನ್ನು ಕಂಡರೆ ಅವಳಿಗೆ ಮೈಯೆಲ್ಲ ಜುಂ ಎನ್ನುತ್ತಿತ್ತು.

“ಹತ್ತು ವರ್ಷ ತುಂಬೋವರೆಗೂ ಈ ಮನೇಲಿ ಯಾರಿಗೂ ಕಾಫಿ ಇಲ್ಲ” ಎಂದು ಅಪ್ಪ ಪುರುಷೋತ್ತಮ ಕಾನೂನು ಮಾಡಿಬಿಟ್ಟಿದ್ದ. ಅವನು ಸ್ಕ್ರೂ ಮತ್ತು ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಲೇತ್ ಮಿಷನ್ ನಡೆಸುವ ಟರ್ನರ್, ಅಲ್ಲಿನ ಕಾರ್ಮಿಕರ ಯೂನಿಯನ್ನಿಗೆ ಕಾರ್ಯದರ್ಶಿ. ಕಾರ್ಖಾನೆಗೆ ಬಂದಿದ್ದ ಯಾವನೋ ಡಾಕ್ಟರು ಒಮ್ಮೆ ಭಾಷಣದಲ್ಲಿ, ಕಾಫಿ ಕುಡಿಯುವ ಮಕ್ಕಳಿಗೆ ನಿದ್ದೆ ಬರುವುದಿಲ್ಲ, ಹಸಿವು ಆಗುವುದಿಲ್ಲ, ಎತ್ತರ ಬೆಳೆಯುವುದಿಲ್ಲ ಎಂದಿದ್ದನಂತೆ. ಪುರುಷೋತ್ತಮ ಅದನ್ನು ಚಾಚೂ ತಪ್ಪದೆ ಮನಸ್ಸಿನಲ್ಲಿಟ್ಟುಕೊಂಡಿದ್ದ. ಭಾಷಣ ಎಂದರೆ ಅವನಿಗೆ ಅಷ್ಟು ನಂಬಿಕೆ.

ಅವನೇ ಒಳ್ಳೆಯ ಭಾಷಣಕಾರ. ಎರಡು ತಿಂಗಳ ಹಿಂದೆ ಕಾರ್ಖಾನೆಯಲ್ಲಿ ಹನ್ನೊಂದು ದಿನ ಮುಷ್ಕರ ನಡೆದಾಗ, ಊಟದ ಡಬ್ಬಿ ಕೊಡಲು ಹೋಗಿದ್ದ ಅಂಬುಜಾ ಗೇಟಿನ ಮುಂದೆ ನಿಂತು ಅಪ್ಪನ ಭಾಷಣ ಕೇಳಿದ್ದಳು. ಅಪ್ಪ ಸ್ಟೂಲಿನ ಮೇಲೆ ಹತ್ತಿ ಮುಷ್ಟಿ ಎತ್ತಿ “ಮಾಡೋ ಕೈಗೆ” ಎಂದರೆ, ಇನ್ನೂರು ಜನ “ಪಾಲು ಕೊಡಿ!” ಎಂದು ಕೂಗುತ್ತಿದ್ದರು. ಅಂಬುಜಾಳೂ ಗಂಟಲು ಬಿರಿಯುವ ಹಾಗೆ ಕೂಗಿದ್ದಳು. ಕೂಗುತ್ತಾ ಕೂಗುತ್ತಾ ತನ್ನ ಅಂಗೈ ನೋಡಿಕೊಂಡಿದ್ದಳು. ಅಲ್ಲಿಂದ ಆ ಯೋಚನೆ ಅವಳ ತಲೆಗೆ ಹತ್ತಿದ್ದು ಇಳಿದೇ ಇರಲಿಲ್ಲ.

ಹಾಗೆಂದು ಕಾಫಿಯ ರುಚಿ ಅವಳಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಅಮ್ಮ ಎಲ್ಲರಿಗೂ ಕೊಟ್ಟಾದ ಮೇಲೆ ಒಲೆಯ ಹತ್ತಿರ ಕೂತು ತನ್ನದನ್ನು ಕುಡಿದು, ಕೊನೆಯ ಒಂದು ಗುಟುಕನ್ನು ಲೋಟದ ತಳದಲ್ಲಿ ಹಾಗೇ ಬಿಟ್ಟು ಎದ್ದುಬಿಡುತ್ತಿದ್ದಳು. ಯಾರಿಗೂ ಕಾಣದ ಹಾಗೆ ಆ ಗುಟುಕನ್ನು ಬಾಯಿಗೆ ಬಿಟ್ಟುಕೊಳ್ಳುವುದು ಅಂಬುಜಾಳ ದಿನದ ಕಳ್ಳತನ. ಶನಿವಾರ ಸಾಯಂಕಾಲ ಲೋಟವನ್ನು ಮೂಗಿನ ಮೇಲೆ ಬೋರಲು ಹಾಕಿಕೊಂಡಿದ್ದಾಗ ಅಪ್ಪನ ಕೈಗೆ ಸಿಕ್ಕಿಬಿದ್ದಳು.

“ಕಳ್ಳಿ! ಇನ್ನೂ ಎರಡು ವರ್ಷ ಇದೆ ನಿಂಗೆ. ಗೊತ್ತಾಯ್ತಾ?” ಎಂದು ಅಪ್ಪ ಕಿವಿ ಹಿಂಡಿದ. ಕಿವಿ ನೋಯಲಿಲ್ಲ, ‘ಕಳ್ಳಿ’ ಎಂದದ್ದು ನೋಯಿತು. ಪುಡಿ ಮಾಡುವವಳು ತಾನು, ಕಳ್ಳಿಯೂ ತಾನೇ! ಆವತ್ತು ಮಲಗುವಾಗಲೇ ಅವಳು ತೀರ್ಮಾನ ಮಾಡಿದಳು.

ಪುರುಷೋತ್ತಮ ಸ್ನಾನ ಮುಗಿಸಿ, ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದವನು ಸ್ಲೇಟು ನೋಡಿ ಗಕ್ಕನೆ ನಿಂತ.

“ಏಳು ಮೇಲೆ. ಆಟ ಆಡೋ ಹೊತ್ತಲ್ಲ.”

“ಆಟ ಅಲ್ಲ ಅಪ್ಪ. ಬೇಡಿಕೆ.” ಅವಳು ನೋಟ್‌ಬುಕ್ಕಿನಿಂದ ಹರಿದಿದ್ದ ಹಾಳೆಯನ್ನು ಚಾಚಿದಳು. ಅದರಲ್ಲಿ ಒಂದೇ ಸಾಲು: ‘ದಿನಾ ಒಂದು ಲೋಟ ಕಾಫಿ, ಹಾಲು ಅಲ್ಲ.’ ಕೆಳಗೆ ‘ಇಂತಿ ನಿಮ್ಮ ವಿಧೇಯ’ ಎಂದು ಬರೆದು ಸಹಿ ಹಾಕಿದ್ದಳು.

“ಕಾಫಿ ಕುಡಿದ್ರೆ ಕುಳ್ಳಿ ಆಗ್ತೀಯ ಕಣೇ!”

“ಸುಮ್ನಿರೋ” ಎಂದರು ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ. “ನಿಂಗೆ ಹಲ್ಲು ಬರೋಕ್ಕೆ ಮುಂಚೆನೇ ಬೆರಳಲ್ಲಿ ಅದ್ದಿ ಅದ್ದಿ ನೆಕ್ಕಿಸ್ತಿದ್ದೆ. ಕಾಫಿ ವಾಸನೆ ಬಂದ್ರೆ ಅಳು ನಿಲ್ಲಿಸ್ತಿದ್ದೆ ನೀನು. ಈಗ ಬಾಗಿಲು ದಾಟೋವಾಗ ತಲೆ ಬಗ್ಗಿಸ್ತೀಯ.”

“ಅಮ್ಮ! ನೀನು ಆ ಕಡೆ ಸೇರ್ಕೋಬೇಡ.”

“ನಾನ್ಯಾವ ಕಡೆನೂ ಇಲ್ಲಪ್ಪ. ನಂಗೆ ನನ್ನ ಕಾಫಿ ಹೊತ್ತಿಗೆ ಸಿಕ್ಕರೆ ಸಾಕು.”

ಪುರುಷೋತ್ತಮ ಮಗಳನ್ನು ಎತ್ತಿ ಪಕ್ಕಕ್ಕೆ ಕೂರಿಸಲು ಬಗ್ಗಿದ. ಅಷ್ಟರಲ್ಲಿ ಹೊರಗೆ ಸೈಕಲ್ಲುಗಳನ್ನು ಗೋಡೆಗೆ ಒರಗಿಸುವ ಸದ್ದಾಯಿತು. ಗಡಿಯಾರ ಎಂಟೂ ಹೊಡೆದಿರಲಿಲ್ಲ. ಮಾರನೆಯ ದಿನ ಮಾಲೀಕರ ಜೊತೆ ಬೋನಸ್ಸಿನ ಮಾತುಕತೆ ಇದ್ದದ್ದರಿಂದ ಕಮಿಟಿಯವರು ಬೇಗನೇ ಬಂದುಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ ಯೂನಿಯನ್ನಿನ ಅಧ್ಯಕ್ಷ ಸಿದ್ದಬಸಪ್ಪ, ಆರಡಿ ಆಳು, ಗಿರಿಜಾ ಮೀಸೆ. ಅವನ ಹಿಂದೆ ಕನ್ನಡಕದ ಗಂಗಾಧರಯ್ಯ. ಕೊನೆಗೆ ಹೊಸದಾಗಿ ಕಮಿಟಿಗೆ ಸೇರಿದ್ದ ಚಕ್ರಪಾಣಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಮೂವರೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಮೂವರೂ ಸ್ಲೇಟು ಓದಿದರು. ಅಂಬುಜಾ ಸ್ಲೇಟನ್ನು ನೆಟ್ಟಗೆ ಮಾಡಿಕೊಂಡಳು. ಈಗ ನಕ್ಕುಬಿಡುತ್ತಾರೆ, ನಕ್ಕರೆ ಎಲ್ಲ ಮುಗಿಯಿತು ಎಂದುಕೊಂಡಳು.

ಸಿದ್ದಬಸಪ್ಪ ನಗಲಿಲ್ಲ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಎಷ್ಟು ದಿನದಿಂದ ಕೆಲಸ ಮಾಡ್ತಾ ಇದೀಯವ್ವ?” ಎಂದು ಕೇಳಿದ.

“ಒಂದು ವರ್ಷದಿಂದ, ಮಾಮ.”

“ರಜಾ?”

“ಜ್ವರ ಬಂದಾಗ ಎರಡು ದಿನ.”

“ಈ ಪುಡೀಲಿ ನಿಂಗೆ ಪಾಲು?”

“ಇಲ್ಲ.”

ಸಿದ್ದಬಸಪ್ಪ ಹಿಂದಕ್ಕೆ ತಿರುಗಿ ಉಳಿದವರ ಮುಖ ನೋಡಿದ. ಗಂಗಾಧರಯ್ಯ ಕನ್ನಡಕ ತೆಗೆದು ಒರೆಸಿಕೊಂಡ. ಪುರುಷೋತ್ತಮ ಪೆಚ್ಚುನಗೆ ನಗುತ್ತಾ, “ಹುಡುಗಾಟ ಕಣ್ರೀ, ತಲೆ ಕೆಡಿಸ್ಕೋಬೇಡಿ. ಚಕ್ರಪಾಣಿ, ಸ್ವಲ್ಪ ನಾಲ್ಕು ಸುತ್ತು ತಿರುಗಿಸಪ್ಪ, ಕಾಫಿ ಆಗೋಗ್ಲಿ” ಎಂದ.

ಚಕ್ರಪಾಣಿ ಒಂದು ಹೆಜ್ಜೆ ಮುಂದಿಟ್ಟ. ಸ್ಲೇಟಿನ ಹತ್ತಿರ ಬಂದವನೇ ಕಾದ ಹೆಂಚು ತುಳಿದವನಂತೆ ಹಿಂದೆ ಸರಿದ.

“ಆಗಲ್ಲ ಸಾರ್.”

“ಯಾಕೆ?”

“ಮುಷ್ಕರ ನಡೀತಾ ಇದೆ ಸಾರ್. ಮುಷ್ಕರ ನಡೆಯೋ ಮಿಷನ್ ಮೇಲೆ ಕೈ ಇಟ್ಟವನು ನಮ್ಮೋನಲ್ಲ ಅಂತ ನೀವೇ ಗೇಟಲ್ಲಿ ಹೇಳಿದ್ರಿ. ನಾನು ಅದನ್ನ ಕೇಳಿನೇ ಮೆಂಬರ್ ಆಗಿದ್ದು.”

ಅಂಬುಜಾಳಿಗೆ ಕೂತಲ್ಲೇ ಕುಣಿಯುವಂತಾಯಿತು. ಮಣೆ ಕುಣಿದರೆ ಮಿಷನ್ನು ಅಲುಗುತ್ತದೆಂದು ಕಷ್ಟಪಟ್ಟು ತಡೆದುಕೊಂಡಳು.

ಪುರುಷೋತ್ತಮನ ಕಿವಿ ಕೆಂಪಾಯಿತು. “ಸರಿ ಬಿಡಿ, ನಾನೇ ತಿರುಗಿಸ್ತೀನಿ” ಎಂದು ಪಂಚೆ ಎತ್ತಿ ಕಟ್ಟಿದ.

“ಸೆಕ್ರೆಟರಿಗಳೇ, ಒಂದ್ನಿಮಿಷ” ಎಂದ ಗಂಗಾಧರಯ್ಯ ಮೆಲ್ಲಗೆ. ಅವನ ಮಾತೇ ಹಾಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. “ಮೊನ್ನೆ ಮುಷ್ಕರದಲ್ಲಿ ನಮ್ಮ ಮಾಲೀಕರು ಆಫೀಸಿನ ಗುಮಾಸ್ತರನ್ನ ಕರ್ಕೊಂಡು ಬಂದು ಲೇತ್ ಮುಂದೆ ನಿಲ್ಲಿಸಿದಾಗ ನೀವು ಅದಕ್ಕೆ ಏನಂದ್ರಿ? ದ್ರೋಹ ಅಂದ್ರಿ.”

“ಅಲ್ರೀ, ಇದು ನನ್ನ ಮನೆ!”

“ಅವ್ರೂ ಹಂಗೇ ಅಂದಿದ್ರು, ಇದು ನನ್ನ ಕಾರ್ಖಾನೆ ಅಂತ.”

ಅಜ್ಜಿ ಕಿಸಕ್ಕನೆ ನಕ್ಕರು. ಪುರುಷೋತ್ತಮ ಅಡುಗೆಮನೆಯ ಕಡೆ ತಿರುಗಿ, “ಸತ್ಯಾ, ನೀನಾದ್ರೂ ಬಾರೇ” ಎಂದು ಕೂಗಿದ.

“ಉಪ್ಪಿಟ್ಟು ತಳ ಹಿಡಿಯತ್ತೆ ರೀ” ಎಂದು ಒಳಗಿನಿಂದ ಉತ್ತರ ಬಂತು. ದನಿಯಲ್ಲಿ ನಗು ಇತ್ತು.

“ಹೋಗ್ಲಿ, ಸರ್ಕಲ್ಲಿನ ಅಂಗಡೀಲಿ ಪುಡಿ ತರೋಣ.”

“ಹೊರಗಡೆ ಕಂಟ್ರಾಕ್ಟು ಕೊಡ್ತೀರಾ?” ಎಂದು ಸಿದ್ದಬಸಪ್ಪ ಮೀಸೆ ತಿರುವಿದ. ಅಲ್ಲಿಗೆ ಕಾರ್ಯದರ್ಶಿಗಳ ಎಲ್ಲ ದಾರಿಗಳೂ ಮುಚ್ಚಿಹೋದವು. ಹೊರಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಇಳಿಯಿತು. ನಾಲ್ಕು ಗಂಡಸರೂ ಬೆಳಗಿನ ಕಾಫಿ ಇಲ್ಲದೆ ನಿಂತಿದ್ದರು, ಮಾರನೆಯ ದಿನದ ಮಾತುಕತೆಯ ಕಾಗದ ಬಿಚ್ಚುವ ಮನಸ್ಸು ಯಾರಿಗೂ ಇರಲಿಲ್ಲ.

“ಮಾತುಕತೆಗೆ ಕೂರೋಣ” ಎಂದ ಪುರುಷೋತ್ತಮ, ಸೋತ ದನಿಯಲ್ಲಿ.

ಚಾಪೆ ಹಾಸಿದರು. ಒಂದು ಕಡೆ ಅಂಬುಜಾ ಮಣೆ ಸಮೇತ, ಅವಳ ಪಕ್ಕ ಚಕ್ರಪಾಣಿ. ಎದುರಿಗೆ ಅಪ್ಪ. ಸಿದ್ದಬಸಪ್ಪ ಮಧ್ಯಸ್ಥಗಾರ.

“ಚಿಕ್ಕ ಮಕ್ಕಳಿಗೆ ಕಾಫಿ ಒಳ್ಳೇದಲ್ಲ. ಇದು ನನ್ನ ಹಟ ಅಲ್ಲ, ಡಾಕ್ಟ್ರು ಹೇಳಿದ್ದು. ಎತ್ತರ ಬೆಳೆಯಲ್ಲ, ನಿದ್ದೆ ಬರಲ್ಲ” ಎಂದ ಅಪ್ಪ. ಈ ಸಲ ಅವನ ದನಿಯಲ್ಲಿ ಜೋರು ಇರಲಿಲ್ಲ, ಕಾಳಜಿ ಇತ್ತು. ಅದು ಅಂಬುಜಾಳಿಗೂ ಕೇಳಿಸಿತು.

“ಎತ್ತರದ ವಿಷಯ ನನ್ನ ಕೇಳಿ” ಎಂದ ಸಿದ್ದಬಸಪ್ಪ. “ನಮ್ಮವ್ವ ನಂಗೆ ಐದು ವರ್ಷದಿಂದ ಬೆಲ್ಲದ ಕಾಫಿ ಕೊಟ್ಟು ಸಾಕಿದ್ಳು. ನೋಡಿ, ಆರಡಿ.”

“ನಾನು ಮದುವೆ ಆಗೋವರೆಗೂ ಮುಟ್ಟಿಲ್ಲ” ಎಂದ ಐದಡಿಯ ಗಂಗಾಧರಯ್ಯ ಬೇಸರದಿಂದ.

“ಆದ್ರೆ ನಿದ್ದೆ ವಿಷಯ ಡಾಕ್ಟ್ರು ಹೇಳಿದ್ದು ನಿಜ ಇರ್ಬೋದು ಮಗೂ” ಎಂದು ಸಿದ್ದಬಸಪ್ಪ ಅಂಬುಜಾಳ ಕಡೆ ತಿರುಗಿದ. “ದಿನಾ ಒಂದು ಲೋಟ ನಿನ್ನಂಥ ಪುಟ್ಟ ಹೊಟ್ಟೆಗೆ ಜಾಸ್ತಿ. ಮುಷ್ಕರದಲ್ಲಿ ನಾವೂ ಇಪ್ಪತ್ತು ರೂಪಾಯಿ ಕೇಳಿ ಹನ್ನೆರಡಕ್ಕೆ ಒಪ್ಪಿದ್ವಿ. ನೀನೂ ಸ್ವಲ್ಪ ಇಳೀಬೇಕು.”

ಅಂಬುಜಾ ಯೋಚಿಸಿದಳು. ಒಲೆಯಿಂದ ಬರುತ್ತಿದ್ದ ಹಾಲಿನ ವಾಸನೆ, ಮಿಷನ್ನಿನ ಬಾಯಲ್ಲಿ ಹೊಳೆಯುತ್ತಿದ್ದ ಹುರಿದ ಬೀಜ, ಎಲ್ಲರ ಕಣ್ಣೂ ತನ್ನ ಮೇಲೆ. ಹೀಗೆ ನಾಲ್ಕು ಜನ ದೊಡ್ಡವರು ತನ್ನ ಬಾಯಿಂದ ಏನು ಬರುತ್ತದೋ ಎಂದು ಕಾದದ್ದು ಅವಳ ಜನ್ಮದಲ್ಲಿ ಇದೇ ಮೊದಲು.

“ಭಾನುವಾರ ಮಾತ್ರ” ಎಂದಳು. “ಆದ್ರೆ ಹಾಲಿಗೆ ಎರಡು ತೊಟ್ಟು ಬಿಟ್ಟು ಇದೇ ಕಾಫಿ ಅಂತ ಮೋಸ ಮಾಡಬಾರದು. ನಿಮಗೆಲ್ಲ ಕೊಡೋ ಕಾಫಿನೇ ಕೊಡ್ಬೇಕು. ಮತ್ತೆ ಅಪ್ಪ ನನ್ನ ಕಳ್ಳಿ ಅಂದಿದ್ದು ವಾಪಸ್ ತಗೋಬೇಕು.”

“ಅರ್ಧ ಲೋಟ” ಎಂದ ಅಪ್ಪ.

“ಅರ್ಧ ಲೋಟ.”

“ವಾಪಸ್ ತಗೊಂಡೆ” ಎಂದು ಅಪ್ಪ ಅವಳ ಕಿವಿಯನ್ನು ಮುಟ್ಟಿದ, ನಿನ್ನೆ ಹಿಂಡಿದ್ದ ಕಿವಿಯನ್ನೇ.

ಚಕ್ರಪಾಣಿ “ಮಾಡೋ ಕೈಗೆ!” ಎಂದು ಕೂಗಿಯೇಬಿಟ್ಟ. “ಪಾಲು ಕೊಡಿ!” ಎಂದು ಅಜ್ಜಿಯೂ ಸೇರಿ ಎಲ್ಲರೂ ಕೂಗಿದರು. ಪಕ್ಕದ ಮನೆಯ ಕಿಟಕಿಯಿಂದಲೂ ಒಂದು ದನಿ ಬಂತು. ಗಂಗಾಧರಯ್ಯ ಯೂನಿಯನ್ನಿನ ಕರಪತ್ರದ ಬೆನ್ನ ಮೇಲೆ ಒಪ್ಪಂದ ಬರೆದ, ಎರಡೂ ಕಡೆಯವರು ಸಹಿ ಹಾಕಿದರು. ಅಂಬುಜಾ ಸ್ಲೇಟು ತೆಗೆದಿಟ್ಟು ಹಿಡಿ ಹಿಡಿದಳು. ನೂರೈವತ್ತು ಸುತ್ತು ಯಾವಾಗ ಮುಗಿದವೋ ಅವಳಿಗೇ ತಿಳಿಯಲಿಲ್ಲ. ಜನ ಹೆಚ್ಚೆಂದು ಇನ್ನೂ ನೂರು ತಿರುಗಿಸಿದಳು. ಬೀಜ ಕರಕರ ನುರಿದು ಕೆಳಗಿನ ಬಟ್ಟಲಿಗೆ ಪುಡಿ ಉದುರುತ್ತಿದ್ದಂತೆ ಗಂಡಸರೆಲ್ಲ ಮೂಗು ಅರಳಿಸಿ ಕೂತರು.

ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ನು ಇಳಿಯುವವರೆಗೆ ಅವಳು ಅಡುಗೆಮನೆಗೂ ನಡುಮನೆಗೂ ಏಳೆಂಟು ಸಲ ಓಡಾಡಿದಳು. ಕೊನೆಗೆ ಸತ್ಯವತಿ ತಟ್ಟೆಯಲ್ಲಿ ಲೋಟಗಳನ್ನು ಇಟ್ಟುಕೊಂಡು ಬಂದಳು. ಅಂಬುಜಾಳದ್ದು ಅವಳ ನಾಮಕರಣಕ್ಕೆ ಬಂದಿದ್ದ ಪುಟ್ಟ ಬೆಳ್ಳಿ ಲೋಟ. ಅರ್ಧ ಲೋಟದ ಕಾಫಿಗೇ ಅದು ತುಂಬಿ, ನೊರೆ ಅಂಚಿನವರೆಗೂ ಇತ್ತು. ಎಲ್ಲರೂ ತಮ್ಮ ಲೋಟ ಬಿಟ್ಟು ಅವಳ ಮುಖವನ್ನೇ ನೋಡತೊಡಗಿದರು.

ಅವಳು ಒಂದು ಗುಟುಕು ಕುಡಿದಳು. ಕಣ್ಣು ದೊಡ್ಡದಾಯಿತು. ಇನ್ನೊಂದು ಗುಟುಕು ಕುಡಿದಳು. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ, ಗಂಟಲಲ್ಲಿ ಬೆಚ್ಚಗೆ, ಮೂಗಿನ ತುಂಬ ಘಮ. ದಿನಾ ತಳದಲ್ಲಿ ಕದ್ದು ಕುಡಿಯುತ್ತಿದ್ದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದು ಬಣ್ಣದ ಬಿಸಿನೀರು. ಇದು ಕಾಫಿ!

“ಹೆಂಗಿದೆ?” ಎಂದ ಸಿದ್ದಬಸಪ್ಪ.

ಅಂಬುಜಾ ಸಂತೋಷದಲ್ಲಿ ಅಮ್ಮನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, “ಅಮ್ಮ, ನೀನು ಕುಡಿಯೋದು ಇದಲ್ವೇ ಅಲ್ಲ! ನೀನು ಇದನ್ನ ಕುಡಿದೇ ಇಲ್ಲ!” ಎಂದಳು.

“ಸುಮ್ನಿರೇ” ಎಂದು ಸತ್ಯವತಿ ಗಾಬರಿಯಾದಳು. “ನಾನು ಎರಡನೇ ಡಿಕಾಕ್ಷನ್ ಕುಡಿಯೋದು. ಚರಟಕ್ಕೆ ಇನ್ನೊಂದ್ಸಲ ನೀರು ಹಾಕಿದ್ರೆ ಬರತ್ತಲ್ಲ, ಅದು. ನಂಗೆ ಅದೇ ಅಭ್ಯಾಸ.”

“ಯಾಕೆ?” ಎಂದಳು ಅಂಬುಜಾ.

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಕೇಳಿದಳು. ಯಾರೂ ಹಾಗೆ ಮಾಡೆಂದು ಸತ್ಯವತಿಗೆ ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಗಂಗಾಧರಯ್ಯ ತನ್ನ ಲೋಟವನ್ನು ಕೆಳಗಿಟ್ಟು ತನ್ನ ಮನೆಯ ವಿಷಯವೇನೋ ನೆನಪಾದವನಂತೆ ತಲೆ ತಗ್ಗಿಸಿದ. ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

“ನಮ್ಮತ್ತೆ ಇರೋವರೆಗೂ ನಾನೂ ಅದನ್ನೇ ಕುಡಿದೆ” ಎಂದರು. “ಅವ್ರು ಹೋದ್ಮೇಲೆ ನಂಗೆ ಮೊದಲನೇದು ಸಿಕ್ತು. ಇವಳಿಗೆ ಯಾವಾಗ ಅಂತ ನಾನು ಯೋಚನೆನೇ ಮಾಡ್ಲಿಲ್ಲ.”

ಅಂಬುಜಾ ಬೆಳ್ಳಿ ಲೋಟವನ್ನು ಕೆಳಗಿಟ್ಟಳು. ಅದರಲ್ಲಿ ಇನ್ನೂ ಅರ್ಧದಷ್ಟು ಕಾಫಿ ಇತ್ತು, ಅವಳಿಗೆ ಅದು ಬೇಕೇ ಬೇಕಿತ್ತು. ಆದರೂ ಎದ್ದು ಹೋಗಿ ಸ್ಲೇಟು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡು ಮತ್ತೆ ಮಣೆಯ ಮೇಲೆ ಕೂತಳು.

“ಇನ್ನೊಂದು ಬೇಡಿಕೆ ಇದೆ” ಎಂದಳು.

ಪುರುಷೋತ್ತಮ ಮೆಲ್ಲಗೆ ಎದ್ದ. ಮುಖ ಕೆಂಪಾಗಿತ್ತು, ಆದರೆ ಈ ಸಲ ಅದು ಸಿಟ್ಟಿನ ಕೆಂಪಲ್ಲ. “ಅದನ್ನ ಬರೆಯೋದು ಬೇಡ ಅಂಬು. ಒಪ್ಪಿದೆ” ಎಂದ. “ಜಾಗ ಬಿಡು. ಇದು ನಾನೇ ತಿರುಗಿಸ್ಬೇಕಾದ್ದು.”

ಯಾರೂ ಅವನನ್ನು ದ್ರೋಹಿ ಎನ್ನಲಿಲ್ಲ. ಅವನು ಮಣೆಯ ಮೇಲೆ ಕೂತ, ಮೊಣಕಾಲು ಕಿವಿಗೆ ತಾಗುತ್ತಿತ್ತು. “ಜೋರಾಗಿ ಬೇಡ ಅಪ್ಪ, ತರಿ ತರಿ ಆಗತ್ತೆ” ಎಂದು ಅಂಬುಜಾ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ನೂರು ಸುತ್ತು ಆಗುವಷ್ಟರಲ್ಲಿ ಟರ್ನರ್ ಪುರುಷೋತ್ತಮನ ಹಣೆಯಲ್ಲಿ ಬೆವರು ಮೂಡಿತು. ಚಕ್ರಪಾಣಿ ಸುತ್ತು ಎಣಿಸುತ್ತಿದ್ದ. ಸತ್ಯವತಿ “ಸಾಕು ಬಿಡ್ರೀ, ನಾಚಿಕೆ ಆಗತ್ತೆ” ಎಂದರೂ ಯಾರೂ ಕೇಳಲಿಲ್ಲ. ಹೊಸ ಪುಡಿ, ಹೊಸ ನೀರು, ಮೊದಲನೆಯ ಡಿಕಾಕ್ಷನ್ನು. ಹಾಲು ಬೆರೆಸಿದ್ದು ಅಜ್ಜಿ.

ಸತ್ಯವತಿ ಅಡುಗೆಮನೆಯ ಹೊಸಿಲ ಹತ್ತಿರ ಕೂತು ಲೋಟ ಎತ್ತಿದಳು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಆಮೇಲೆ ಗಂಡನ ಕಡೆ ನೋಡಿ ನಕ್ಕಳು.

“ಹತ್ತು ವರ್ಷ ತುಂಬೋವರೆಗೂ ಈ ಮನೇಲಿ ಯಾರಿಗೂ ಕಾಫಿ ಇಲ್ಲ ಅಂತ ನಿಮ್ಮ ರೂಲ್ಸು ಅಲ್ವಾ?” ಎಂದಳು. “ನಾನು ಈ ಮನೆಗೆ ಬಂದು ಮೊನ್ನೆ ಯುಗಾದಿಗೆ ಹತ್ತು ತುಂಬ್ತು ನೋಡಿ. ಸರಿಹೋಯ್ತು.”

ಸಿದ್ದಬಸಪ್ಪನೊಬ್ಬನೇ ಜೋರಾಗಿ ನಕ್ಕ, ಪುರುಷೋತ್ತಮನ ಮುಖ ನೋಡಿ ನಗು ನಿಲ್ಲಿಸಿದ. ಸತ್ಯವತಿ ಯಾರ ಕಡೆಯೂ ನೋಡದೆ ನಿಧಾನವಾಗಿ ಕುಡಿದು ಮುಗಿಸಿ, ಲೋಟವನ್ನು ಪಕ್ಕಕ್ಕಿಟ್ಟು, ಉಪ್ಪಿಟ್ಟು ಬಡಿಸಲು ಎದ್ದಳು.

ಅಂಬುಜಾ ಅಭ್ಯಾಸಬಲದಿಂದ ಓಡಿಹೋಗಿ ಲೋಟದ ತಳ ನೋಡಿದಳು. ಒಂದು ತೊಟ್ಟೂ ಉಳಿದಿರಲಿಲ್ಲ.